ಹತ್ತಡಿ ಕೋಣೆಯಲ್ಲಿ ಕೇಟರಿಂಗ್ ಆಫೀಸು

ಹೋಟೆಲಿನವರಿಗೆ ಆಫೀಸು ಯಾಕೆ, ಗಲ್ಲಾವೇ ಆಫೀಸಲ್ಲವೇ ಎಂದು ನಾವೂ ಬಹಳ ವರ್ಷ ತಿಳಿದಿದ್ದೆವು. ತಳೇಗಾಂವ ದಾಭಾಡೆಯಲ್ಲಿ ಹೋಟೆಲಿನ ಜೊತೆಗೆ ಕಾರ್ಖಾನೆಗಳಿಗೆ ಊಟ ಕಳಿಸುವ ಕೆಲಸ ಹಿಡಿದಾಗ ಮೊದಲ ಆರು ತಿಂಗಳು ಎಲ್ಲವೂ ಗಲ್ಲಾದ ಮೇಲೆಯೇ. ಚಲನ್‌ಗಳು ಡ್ರಾಯರಿನಲ್ಲಿ, ಆರ್ಡರು ನಮ್ಮ ತಲೆಯಲ್ಲಿ. ಒಂದು ತಿಂಗಳ ಕೊನೆಗೆ ಬಿಲ್ಲು ಮಾಡಲು ಕೂತರೆ 11 ದಿನದ ಸಹಿಯಾದ ಚಲನ್ ಇಲ್ಲ! ದಿನಕ್ಕೆ 160 ಊಟ, ಊಟಕ್ಕೆ 55 ರೂಪಾಯಿ. ಒಟ್ಟು 96,800 ರೂಪಾಯಿ. ಸಹಿ ತೋರಿಸಿ ಹಣ ತೆಗೆದುಕೊಳ್ಳಿ ಎಂದರು ಕಂಪನಿಯವರು. ಅವರ ತಪ್ಪೇನೂ ಇಲ್ಲ. ಗೇಟಿನ ರಿಜಿಸ್ಟರ್ ನೋಡಿ ಆರು ದಿನದ ಹಣ ಕೊಟ್ಟರು. ಉಳಿದ 44,000 ರೂಪಾಯಿ ನೀರಿಗೆ ಹೋಯಿತು. ಆಮೇಲೆ ಹಿಡಿದ ಕೋಣೆಗೆ ಬಾಡಿಗೆ ತಿಂಗಳಿಗೆ 5,500. ಕಳೆದುಕೊಂಡ ಹಣದಲ್ಲಿ ಎಂಟು ತಿಂಗಳ ಬಾಡಿಗೆ ಕಟ್ಟಬಹುದಿತ್ತು.

ಕೋಣೆ ಹೋಟೆಲಿನ ಹಿಂದಿನ ಓಣಿಯಲ್ಲಿದೆ. ಹತ್ತಡಿ ಉದ್ದ, ಒಂಬತ್ತಡಿ ಅಗಲ, ಮೊದಲು ಟೈಲರ್ ಅಂಗಡಿಯಾಗಿತ್ತು. ಹೆದ್ದಾರಿ ಬದಿಯಲ್ಲಿ ದೊಡ್ಡದು ಹಿಡಿಯಿರಿ ಎಂದವರಿದ್ದರು. ನಾವು ಒಪ್ಪಲಿಲ್ಲ. ಇಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ 2008ರಲ್ಲಿ ಶುರುವಾದದ್ದನ್ನೂ 2020ರ ಕೊನೆಗೆ ಉತ್ಪಾದನೆ ನಿಂತದ್ದನ್ನೂ ಕಣ್ಣಾರೆ ನೋಡಿದವರು ನಾವು. 2024ರಲ್ಲಿ ಅದು ಹ್ಯುಂಡೈ ಕೈಗೆ ಬಂತು, ಆದರೆ ನಡುವಿನ ವರ್ಷಗಳಲ್ಲಿ ದೊಡ್ಡ ಬಾಡಿಗೆಯನ್ನು ಯಾರು ಕಟ್ಟುವುದು? ಬಾಡಿಗೆಯ ಲೀವ್ ಆಂಡ್ ಲೈಸೆನ್ಸ್ ಕರಾರು ರಿಜಿಸ್ಟರ್ ಮಾಡಿಸಿಯೇ ಕೀಲಿ ತೆಗೆದುಕೊಳ್ಳಿ. ಮಹಾರಾಷ್ಟ್ರದಲ್ಲಿ ಅದು ಕಡ್ಡಾಯ, ಜಿಎಸ್‌ಟಿಗೆ ವಿಳಾಸದ ಪುರಾವೆಯಾಗಿಯೂ ಬೇಕಾಗುತ್ತದೆ.

ಮೊದಲ ತಪ್ಪು ಮೇಜಿನದು. ನಮ್ಮ ಅಡುಗೆಮನೆಯ ಎಕ್ಸಾಸ್ಟ್ ಗಾಳಿ ಬರುವ ಕಿಟಕಿಯ ಕೆಳಗೇ ಕಂಪ್ಯೂಟರ್ ಇಟ್ಟೆವು. ನಾಲ್ಕು ತಿಂಗಳಲ್ಲಿ ಪ್ರಿಂಟರಿನ ಒಳಗೆಲ್ಲ ಎಣ್ಣೆ ಜಿಡ್ಡು, ರಿಪೇರಿಯವನು ಇದರಲ್ಲಿ ವಡೆ ಕರಿದಿದ್ದೀರಾ ಎಂದು ಕೇಳಿದ. ಈಗ ಮೂರಡಿಯ ಮೇಜು ಎದುರು ಗೋಡೆಗೆ, ಆ ಕಿಟಕಿ ಮುಚ್ಚಿದೆ. ಎರಡನೆಯದು ಮಳೆ. ಮಾವಳದ ಮಳೆ ನಿಮಗೆ ಗೊತ್ತೇ ಇದೆ, ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ. ಕಪಾಟನ್ನು ಗೋಡೆಯಿಂದ ಅರ್ಧ ಅಡಿ ಈಚೆಗೆ ಎಳೆದು, ಕೆಳಗೆ ಇಟ್ಟಿಗೆ ಕೊಟ್ಟ ಮೇಲೆ ಫೈಲುಗಳಿಗೆ ಬೂಷ್ಟು ಹಿಡಿಯುವುದು ನಿಂತಿತು.

ಇನ್ನು ಮುಖ್ಯವಾದ ಮಾತು, ಬಾಗಿಲ ಪಕ್ಕದ ಸಣ್ಣ ಕಿಟಕಿ. ಡ್ರೈವರ್, ತರಕಾರಿಯವನು, ಗ್ಯಾಸಿನವನು ಯಾರೂ ಒಳಗೆ ಬರುವುದಿಲ್ಲ, ಎಲ್ಲ ವ್ಯವಹಾರ ಈ ಕಿಟಕಿಯಲ್ಲಿ. ಒಳಗೆ ಕಂಪನಿಗೊಂದರಂತೆ ಮೊಳೆ ಹೊಡೆದು ಕ್ಲಿಪ್ ತೂಗುಹಾಕಿದ್ದೇವೆ. ಟೆಂಪೋ ವಾಪಸು ಬಂದು ಸಹಿಯಾದ ಚಲನ್ ಆ ಕ್ಲಿಪ್ಪಿಗೆ ಬಿದ್ದರೆ ಮಾತ್ರ ಡ್ರೈವರಿಗೆ ಮರುದಿನದ ಡೀಸೆಲ್ ಹಣ. ಮೊದಲ ವಾರ ಗೊಣಗಿದ, ಈಗ ಅವನೇ ಗೇಟಿನಲ್ಲಿ ಸಹಿಗೆ ಜಗಳವಾಡುತ್ತಾನೆ. ಸಂಜೆ ಮಗಳು ಬಂದು ಕ್ಲಿಪ್ಪಿನಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸುತ್ತಾಳೆ. ಅಂದಿನದು ಅಂದೇ.

ಕಂಪನಿಯವರು ಆಡಿಟಿಗೆ ಬರುತ್ತಾರೆ. ಅವರಿಗೆ ಹವಾನಿಯಂತ್ರಿತ ಆಫೀಸು ಬೇಕಾಗಿಲ್ಲ, ಕೇಳಿದ ಕಾಗದ ಎರಡು ನಿಮಿಷದಲ್ಲಿ ಕೈಗೆ ಸಿಗಬೇಕು. ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ ಪ್ರತಿ, ಕೆಲಸಗಾರರ ವಾರ್ಷಿಕ ವೈದ್ಯಕೀಯ ತಪಾಸಣೆಯ ಸರ್ಟಿಫಿಕೇಟು, ನೀರಿನ ಪರೀಕ್ಷೆಯ ವರದಿ ಇವನ್ನು ಒಂದೇ ಕೆಂಪು ಫೈಲಿನಲ್ಲಿ ಇಟ್ಟಿದ್ದೇವೆ. ನಿಮ್ಮ ಲೈಸೆನ್ಸಿನಲ್ಲಿ ಹೋಟೆಲಿನ ಜೊತೆ ಕೇಟರಿಂಗ್ ಕೂಡ ನಮೂದಾಗಿದೆಯೇ ನೋಡಿಕೊಳ್ಳಿ, ಹಲವರದ್ದು ಆಗಿರುವುದಿಲ್ಲ. 14 ಅಂಕಿಯ ಆ ನಂಬರು 2022ರ ಜನವರಿಯಿಂದ ಬಿಲ್ಲಿನ ಮೇಲೂ ಇರಲೇಬೇಕು.

ಅದರ ಪಕ್ಕದಲ್ಲೇ ಉದ್ಯಮ್ ರಿಜಿಸ್ಟ್ರೇಷನ್ ನಂಬರನ್ನೂ ಅಚ್ಚು ಹಾಕಿಸಿ. ಸಣ್ಣ ಉದ್ಯಮದವರಿಗೆ ಕರಾರಿನ ಅವಧಿ ಎಷ್ಟೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯಿದೆ ಹೇಳುತ್ತದೆ, ತಡವಾದರೆ ಬಡ್ಡಿಯೂ ಉಂಟು. ನಾವು ಬಡ್ಡಿ ಕೇಳಿದ್ದಿಲ್ಲ, ಕೇಳಿದರೆ ಮುಂದಿನ ಆರ್ಡರು ಹೋದೀತು. ಆದರೆ ನಂಬರು ಹಾಕಿದ ಮೇಲೆ ಅಕೌಂಟ್ಸ್‌ನವರು ಫೋನ್ ಎತ್ತುತ್ತಾರೆ.

ಮೇಜು, ಕಪಾಟು, ಹಳೇ ಕಂಪ್ಯೂಟರ್, ಹೊಸ ಪ್ರಿಂಟರ್, ಇನ್ವರ್ಟರ್ ಎಲ್ಲ ಸೇರಿ ನಮಗೆ ಸುಮಾರು 62,000 ಆಯಿತು. ನಾವು 5 ಶೇಕಡಾ ಜಿಎಸ್‌ಟಿಯಲ್ಲಿ ಇರುವುದರಿಂದ ಈ ಸಾಮಾನಿನ ಮೇಲಿನ ತೆರಿಗೆ ವಾಪಸು ಸಿಗುವುದಿಲ್ಲ. ತೆರಿಗೆ ಸೇರಿಸಿಯೇ ಬಜೆಟ್ ಹಾಕಿ.

ಕೆಲಸ ಹೆಚ್ಚುವ ಲಕ್ಷಣವಿದೆ. 1948ರ ಕಾರ್ಖಾನೆ ಕಾಯಿದೆಯಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನ್ ಎಂದಿದ್ದರೆ, 2020ರ ಹೊಸ ಸಂಹಿತೆ ಅದನ್ನು 100ಕ್ಕೆ ಇಳಿಸಿದೆ. ವಿಚಾರಿಸಿಕೊಂಡು ಬರುವ ಸಣ್ಣ ಕಾರ್ಖಾನೆಯವರನ್ನು ಕೂರಿಸಲು ಎರಡು ಕುರ್ಚಿ ಇವೆ. ಮೂರನೆಯವರು ಬಂದರೆ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡುತ್ತೇವೆ, ಊಟದ ರುಚಿಯನ್ನೂ ಅಲ್ಲೇ ತೋರಿಸುತ್ತೇವೆ. ಆಫೀಸಿನಲ್ಲಿ ತಿಂಡಿ ತಿನ್ನುವುದು ನಮಗೂ ನಿಷಿದ್ಧ, ಜಿರಳೆ ಬಂದೀತೆಂದು. ಆದರೂ ಹೋದ ವಾರ ಸಾಮಾನು ಬಂದಾಗ ಜಾಗವಿಲ್ಲವೆಂದು ಭಟ್ಟರು ಎರಡು ಮೂಟೆ ಅಕ್ಕಿ ತಂದು ಮೇಜಿನ ಕೆಳಗೆ ಇಟ್ಟಿದ್ದಾರೆ. ಅದನ್ನು ಇನ್ನೂ ತೆಗೆಸಬೇಕು.