ಸವಾರನಿದ್ದರೆ ಸಾಲದು

ಕುಣಿಗಲಿನ ಕುದುರೆಲಾಯಗಳ ಹೆಸರನ್ನು ಕೇಳದ ಕನ್ನಡಿಗರು ವಿರಳ. 1918ರಲ್ಲಿ ಹೈಫಾ ಪಟ್ಟಣವನ್ನು ಗೆದ್ದ ರಾವುತರಲ್ಲಿ ಮೈಸೂರಿನವರೂ ಇದ್ದರೆಂಬುದನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಇಂತಹ ನಾಡಿನ ಸವಾರನೊಬ್ಬನು ಜಗತ್ತಿನ ಕಣದಲ್ಲಿ ನಿಲ್ಲಬೇಕಾದರೆ ಪರದೇಶದಲ್ಲಿ ನೆಲಸಿ ಅಭ್ಯಾಸಮಾಡಬೇಕಾಯಿತೆಂಬುದು ವಿಚಾರಾರ್ಹವಾದ ಸಂಗತಿ.

ಶ್ರೀ ಫವಾದ್ ಮಿರ್ಜಾರವರು 1992ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆಯವರು ಅಶ್ವವೈದ್ಯರು, ಆದುದರಿಂದ ಕುದುರೆಯ ಒಡನಾಟವು ಇವರಿಗೆ ಬಾಲ್ಯದಿಂದಲೇ ಲಭಿಸಿತು. ಇವರು ಆರಿಸಿಕೊಂಡ ಇವೆಂಟಿಂಗ್ ಎಂಬ ಸ್ಪರ್ಧೆಯಲ್ಲಿ ಪರೀಕ್ಷೆಗಳು ಮೂರು. ಮೊದಲನೆಯದರಲ್ಲಿ ಕುದುರೆಯ ಶಿಸ್ತಿನ ನಡೆ, ಎರಡನೆಯದರಲ್ಲಿ ಬಯಲಿನ ಅಡೆತಡೆಗಳ ನಡುವೆ ಓಟ, ಮೂರನೆಯದರಲ್ಲಿ ಅಂಗಳದೊಳಗಿನ ಜಿಗಿತ. ಮೂರರಲ್ಲಿಯೂ ಸವಾರನೂ ಕುದುರೆಯೂ ಅವರೇ ಆಗಿರತಕ್ಕದ್ದು. ತಪ್ಪಿಗೆ ದಂಡಾಂಕ ಬೀಳುವುದು. ಯಾರ ದಂಡಾಂಕ ಕಡಿಮೆಯೋ ಅವರೇ ಮೇಲು.

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮಿರ್ಜಾರವರು ‘ಸೀನ್ಯೂರ್ ಮೆಡಿಕಾಟ್’ ಎಂಬ ಕುದುರೆಯನ್ನೇರಿ 26.40 ದಂಡಾಂಕಗಳೊಡನೆ ಬೆಳ್ಳಿಯ ಪದಕವನ್ನು ಗಳಿಸಿದರು. ರಾಕೇಶ್ ಕುಮಾರ್, ಆಶಿಷ್ ಮಲಿಕ್, ಜಿತೇಂದರ್ ಸಿಂಗ್ ಇವರೊಡಗೂಡಿ ತಂಡದ ಬೆಳ್ಳಿಯನ್ನೂ ತಂದರು. 1982ರ ದೆಹಲಿ ಕೂಟದಲ್ಲಿ ರಘುಬೀರ್ ಸಿಂಗರು ಚಿನ್ನ ಗೆದ್ದ ತರುವಾಯ 36 ವರ್ಷಗಳವರೆಗೆ ಈ ವಿದ್ಯೆಯಲ್ಲಿ ಭಾರತೀಯನೊಬ್ಬನಿಗೆ ವೈಯಕ್ತಿಕ ಪದಕವು ದೊರೆತಿರಲಿಲ್ಲ. 2019ರಲ್ಲಿ ಸರಕಾರವು ಅರ್ಜುನ ಪ್ರಶಸ್ತಿಯನ್ನಿತ್ತು ಗೌರವಿಸಿತು.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ ಅದೇ ಕುದುರೆಯೊಡನೆ ಹೋದರು. ಸಿಡ್ನಿಯಲ್ಲಿ 2000ದಲ್ಲಿ ಇಮ್ತಿಯಾಜ್ ಅನೀಸರು ಸ್ಪರ್ಧಿಸಿದ ಮೇಲೆ ಅಲ್ಲಿ ಭಾರತದ ಸವಾರನು ಕಾಣಿಸಿರಲಿಲ್ಲ. ಮಿರ್ಜಾರವರು ಮೊದಲ ಪರೀಕ್ಷೆಯಲ್ಲಿ 28 ದಂಡಾಂಕಗಳನ್ನಷ್ಟೇ ಪಡೆದರು; ಅಂತಿಮ ಸುತ್ತಿಗೇರಿ ಒಟ್ಟು 59.60 ದಂಡಾಂಕಗಳೊಡನೆ 23ನೆಯವರಾದರು. ಪದಕ ಬರಲಿಲ್ಲ, ಆದರೆ ಜಗತ್ತಿನ ಉತ್ತಮ ಸವಾರರ ಸಾಲಿನಲ್ಲಿ ಕೊನೆಯ ದಿನದವರೆಗೂ ನಿಂತುದು ಅಲ್ಪ ಸಾಧನೆಯಲ್ಲ.

ಈ ಸಿದ್ಧತೆಗಾಗಿ ಅವರು ಜರ್ಮನಿಯಲ್ಲಿ ವಾಸಿಸಬೇಕಾಯಿತು. ಕಾರಣವು ಸ್ಪಷ್ಟ: ಅಶ್ವರೋಗಗಳ ಭಯದಿಂದ ವಿಧಿಸಿದ ಕಟ್ಟುಪಾಡುಗಳು ಭಾರತದ ಕುದುರೆಗಳಿಗೆ ಯುರೋಪಿನ ಬಾಗಿಲನ್ನು ಬಹುಕಾಲ ಮುಚ್ಚಿದ್ದವು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಡ್ರೆಸಾಜ್ ತಂಡದ ಚಿನ್ನ ಗೆದ್ದ ನಮ್ಮ ತರುಣರೂ ಯುರೋಪಿನಲ್ಲಿಯೇ ಪಳಗಿದವರು. ಹೀಗಾಗಿ ಧನಿಕರ ನೆರವಿಲ್ಲದವನಿಗೆ ಈ ಮಾರ್ಗವು ದುರ್ಗಮ. 2025ರಲ್ಲಿ ಮೀರತ್ ದಂಡುಪ್ರದೇಶದ ಅಶ್ವಶಾಲೆಗೆ ರೋಗಮುಕ್ತವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತುದು ಶುಭಸೂಚನೆ. ಒಂದು ಲಾಯದಿಂದ ಮಾತ್ರ ಕಾರ್ಯವು ಮುಗಿಯದು. ಅಂತಹ ವ್ಯವಸ್ಥೆಯನ್ನು ಬೆಂಗಳೂರಿನಲ್ಲಿಯೂ ಏರ್ಪಡಿಸಲು ಅಧಿಕಾರಿಗಳು ಮನಸ್ಸುಮಾಡಬೇಕೆಂದು ನಾವು ಸೂಚಿಸುತ್ತೇವೆ. ಸವಾರನು ತನ್ನ ಪಾಲಿನ ಕೆಲಸವನ್ನು ನೆರವೇರಿಸಿದ್ದಾನೆ. ಮಿಕ್ಕುದು ದೇಶದ ಹೊಣೆ.