ಜಮಖಂಡಿ ಸೀಮೆಯ ಕನ್ನಡ ಕಲಬೆರಕೆಯೇ?

ತಪ್ಪು ಕಲ್ಪನೆ: ಬಾಗಲಕೋಟೆ ಜಿಲ್ಲೆಯ ಚಿಮ್ಮಡ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯದು ಮರಾಠಿ ಬೆರೆತು ಕೆಟ್ಟ ಕನ್ನಡ.

ಸತ್ಯ: ಈ ಮಾತಿನಲ್ಲಿ ಮರಾಠಿ ಪದಗಳಿವೆ, ಆದರೆ ಅದರ ವ್ಯಾಕರಣ ಕನ್ನಡದ್ದೇ.

ಮರಾಠಿ ಪದಗಳು ಇಲ್ಲಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. 1948ರವರೆಗೆ ಜಮಖಂಡಿಯನ್ನು ಪಟವರ್ಧನ, ಮುಧೋಳವನ್ನು ಘೋರ್ಪಡೆ ಎಂಬ ಮರಾಠಿ ಮನೆತನಗಳು ಆಳಿದವು. ಆಮೇಲೆ 1956ರವರೆಗೆ ಈ ಸೀಮೆ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ಇಲ್ಲಿ ಸಂಬಳ 'ಪಗಾರ'ವಾಯಿತು, ನಿಧಾನ 'ಸಾವಕಾಶ'ವಾಯಿತು. ಆದರೆ ಪಗಾರ ಎಂಬುದನ್ನು ಮರಾಠಿಯೇ ಪೋರ್ಚುಗೀಸರಿಂದ ಪಡೆದದ್ದು. ಶಿಷ್ಟ ಕನ್ನಡದ ಅರ್ಜಿ, ಜಿಲ್ಲೆ, ತಾಲ್ಲೂಕು, ಜಮೀನು ಕೂಡ ಅರಬ್ಬಿ, ಪಾರಸಿ ಮೂಲದವು. ಅವುಗಳನ್ನು ಬಳಸುವ ಬೆಂಗಳೂರಿನವರನ್ನು ಕಲಬೆರಕೆಯವರೆಂದು ಯಾರೂ ಹಳಿಯುವುದಿಲ್ಲ. ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದೂ ಅಲ್ಲ. ಮರಾಠಿಯವರ 'ಅಡಕಿತ್ತಾ' ಕನ್ನಡದಿಂದ ಹೋದ ಅಡಕತ್ತರಿಯೇ.

ಪದಗಳಷ್ಟೇ ಅಲ್ಲ, ಮಾತಿನ ಕಟ್ಟೇ ಮರಾಠಿಯದಾಗಿದೆ ಎನ್ನುವವರು ಒಂದು ವಾಕ್ಯವನ್ನು ಪರೀಕ್ಷಿಸಿ ನೋಡಲಿ. ರೊಟ್ಟಿಗೆ ಮರಾಠಿಯಲ್ಲಿ ಭಾಕರಿ, ಅದು ಸ್ತ್ರೀಲಿಂಗ. ತಿಂದವನು ಗಂಡಸಾದರೂ ಅಲ್ಲಿ ಕ್ರಿಯಾಪದ ಭಾಕರಿಯ ಲಿಂಗವನ್ನೇ ಹಿಡಿದು 'ಖಾಲ್ಲೀ' ಆಗುತ್ತದೆ. ಚಿಮ್ಮಡದ ಕಡೆ ಗಂಡಸು ತಿಂದರೆ 'ರೊಟ್ಟಿ ತಿಂದಾನ', ಹೆಂಗಸು ತಿಂದರೆ 'ರೊಟ್ಟಿ ತಿಂದಾಳ'. ಕ್ರಿಯಾಪದ ತಿಂದವರನ್ನು ಅನುಸರಿಸುತ್ತದೆ, ರೊಟ್ಟಿಯನ್ನಲ್ಲ. ರೊಟ್ಟಿಗೆ ಗಂಡು ಹೆಣ್ಣೆಂಬ ಭೇದವೂ ಇಲ್ಲ. ಇದು ಕನ್ನಡದ ನಿಯಮ. ಶತಮಾನಗಳ ನೆರೆಹೊರೆಯಿಂದಲೂ ಅದು ಕದಲಿಲ್ಲ. 'ಮನೆಯಲ್ಲಿ' ಎನ್ನಲು ಇಲ್ಲಿ ಬಳಸುವ 'ಮನ್ಯಾಗ' ಎಂಬುದರಲ್ಲಿರುವುದೂ 'ಒಳಗೆ' ಎಂಬ ಕನ್ನಡದ ಮಾತೇ.

ಬೆರೆತ ಭಾಷೆ ಕೆಟ್ಟ ಭಾಷೆ ಎಂಬ ನಂಬಿಕೆಗೆ ಜಗತ್ತಿನಲ್ಲಿ ಇನ್ನೂ ಬಲವಾದ ಉತ್ತರವಿದೆ. ಪೆಸಿಫಿಕ್ ಸಾಗರದ ಮೆಲನೇಷ್ಯಾ ಭಾಗದ ವನುವಾಟು ದ್ವೀಪದೇಶದಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿವೆ. ಅವುಗಳನ್ನು ಆಡುವವರೆಲ್ಲರನ್ನು ಬೆಸೆಯುವ ಬಿಸ್ಲಾಮಾ ಭಾಷೆ 19ನೇ ಶತಮಾನದಲ್ಲಿ ಕೂಲಿಕಾರರ ನಡುವೆ ಬೆಳೆಯಿತು. ಅದರ ಬಹುಪಾಲು ಪದಗಳು ಇಂಗ್ಲಿಷಿನವು, ಆದ್ದರಿಂದ ಹೊರಗಿನವರು ಅದನ್ನು ಹರಕು ಇಂಗ್ಲಿಷ್ ಎಂದು ತಿಳಿದರು. ಆದರೆ ಕೇಳುಗನನ್ನೂ ಸೇರಿಸಿದ 'ನಾವು' ಅಲ್ಲಿ 'ಯೂಮಿ', ಕೇಳುಗನನ್ನು ಬಿಟ್ಟ 'ನಾವು' 'ಮಿಫಾಲಾ'. ಈ ಭೇದ ಇಂಗ್ಲಿಷಿನಲ್ಲೇ ಇಲ್ಲ, ದ್ವೀಪವಾಸಿಗಳ ಭಾಷೆಗಳಲ್ಲಿದೆ. 1980ರಲ್ಲಿ ಸ್ವತಂತ್ರವಾದ ಆ ದೇಶದ ರಾಷ್ಟ್ರಗೀತೆ ಬಿಸ್ಲಾಮಾದಲ್ಲೇ ಇದೆ. ಜಮಖಂಡಿ ಸೀಮೆಯ ಮಾತು ಅಷ್ಟು ಬೆರೆತದ್ದೂ ಅಲ್ಲ. ಅದು ಕನ್ನಡದ ಒಂದು ಉಪಭಾಷೆ.

ಕನ್ನಡದ ತಿರುಳು ದಕ್ಷಿಣದಲ್ಲಿದೆ ಎಂಬ ಊಹೆಗೂ ಆಧಾರವಿಲ್ಲ. 9ನೇ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ಗುರುತಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ. ಕಿಸುವೊಳಲೆಂದರೆ ಇದೇ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. 949ರಲ್ಲಿ ಹುಟ್ಟಿದ ಹಳಗನ್ನಡದ ಕವಿ ರನ್ನ ಮುಧೋಳದವನು. ಇಂದಿನ ಇಲ್ಲಿನ ಮಾತು ರನ್ನನ ಹಳಗನ್ನಡವಲ್ಲವಲ್ಲ ಎಂದು ಆಕ್ಷೇಪಿಸಬಹುದು. ನಿಜ, ಆದರೆ ಮೈಸೂರಿನ ಮಾತೂ ಹಳಗನ್ನಡವಲ್ಲ. ಎರಡೂ ಒಂದೇ ಮೂಲದಿಂದ ಬೇರೆಬೇರೆಯಾಗಿ ಬೆಳೆದಿವೆ, ಆದ್ದರಿಂದ ಒಂದು ಇನ್ನೊಂದಕ್ಕೆ ಅಳತೆಗೋಲಾಗದು.

ಪರೀಕ್ಷೆಗೆ, ಕಚೇರಿಗೆ ಶಿಷ್ಟ ಕನ್ನಡ ಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇಕು, ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಅದಕ್ಕಾಗಿ ಮನೆಮಾತನ್ನು ಅವಮಾನಿಸಬೇಕಿಲ್ಲ. ಧಾರವಾಡದ ಬೇಂದ್ರೆ, ಘೋಡಗೇರಿಯ ಚಂದ್ರಶೇಖರ ಕಂಬಾರ ಉತ್ತರದ ಆಡುಮಾತಿನಲ್ಲೇ ಮೇಲಾದ ಕೃತಿಗಳನ್ನು ಬರೆದು ಜ್ಞಾನಪೀಠದ ಗೌರವ ಪಡೆದರು. ಶಿಕ್ಷಕರು 'ಮನ್ಯಾಗ' ಎಂದ ಮಗುವಿಗೆ 'ಮನೆಯಲ್ಲಿ' ಎಂಬ ರೂಪವನ್ನೂ ಕಲಿಸಲಿ, ಆದರೆ ಅದರ ಮಾತು ತಪ್ಪೆಂದು ಹೇಳದಿರಲಿ. ಏಕೆಂದರೆ ಅದು ತಪ್ಪಲ್ಲ.