ದನಗಳ ಯಕೃತ್ತಿನ ಹುಳುವನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯುವ ಕ್ರಮ

ಬೀದರ, ಭಾಲ್ಕಿ, ಔರಾದ ಪ್ರಾಂತಗಳಲ್ಲಿ ದೇವಣಿ ಎತ್ತು ಬಡಕಲಾದರೆ ಮೇವಿನ ಕೊರತೆಯೆಂದು ಭಾವಿಸುವುದು ವಾಡಿಕೆ. ಮೇವು ಸಾಕಷ್ಟಿದ್ದೂ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡು, ದವಡೆಯ ಕೆಳಗೆ ನೀರುಬಾವು ತೋರಿದರೆ ಯಕೃತ್ತಿನ ಚಪ್ಪಟೆ ಹುಳುವನ್ನು ಶಂಕಿಸತಕ್ಕದ್ದು. ಈ ಚಿಹ್ನೆಗಳು ತೋರುವ ವೇಳೆಗೆ ರೋಗವು ಬಹಳ ಮುಂದುವರಿದಿರುತ್ತದೆ.

ನಮ್ಮ ದೇಶದ ದನಗಳಲ್ಲಿ ಹೆಚ್ಚಾಗಿ ಕಾಣುವ ಜಾತಿಗೆ ಫ್ಯಾಸಿಯೋಲ ಜೈಗ್ಯಾಂಟಿಕ ಎಂದು ಹೆಸರು. ಇದರ ತತ್ತಿಗಳು ಸಗಣಿಯೊಡನೆ ನೀರನ್ನು ಸೇರಿ ಒಡೆಯುತ್ತವೆ. ಮರಿಗಳು ನೀರಿನ ಬಸವನಹುಳುವನ್ನು ಹೊಕ್ಕು, ಅಲ್ಲಿ ವೃದ್ಧಿಹೊಂದಿ ಹೊರಬಿದ್ದು, ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತವೆ. ಮಳೆಗಾಲ ಕಳೆದು ನೀರು ಇಳಿಯುತ್ತಲೆ ದನಗಳು ಆ ಹಸುರನ್ನೇ ಅರಸಿ ಮೇಯುವುದು ಸರ್ವರಿಗೂ ತಿಳಿದ ಸಂಗತಿ. ಊರ ಕೆರೆಯಂಗಳ, ಮಾಂಜ್ರಾ ನದಿಯ ದಂಡೆ, ಕಾರಂಜಾ ಜಲಾಶಯದ ಹಿನ್ನೀರು ಇವುಗಳ ಬಳಿ ಮೇಯುವ ಮಂದೆಯ ಮೇಲೆ ಆದಕಾರಣ ವಿಶೇಷ ನಿಗಾ ಇಡಬೇಕು.

ಸಗಣಿಯಲ್ಲಿ ತತ್ತಿಯನ್ನು ಹುಡುಕುವುದು ಹಳೆಯ ಪದ್ಧತಿ, ಖರ್ಚೂ ಅಲ್ಪ. ಆದರೆ ಹುಳು ಬಲಿತು ಪಿತ್ತನಾಳವನ್ನು ಸೇರಿ ತತ್ತಿಯಿಡಲು ಸುಮಾರು 3 ತಿಂಗಳು ಅಥವಾ ಹೆಚ್ಚು ಕಾಲ ಹಿಡಿಯುತ್ತದೆ. ಅದುವರೆಗೆ ಎಳೆಯ ಹುಳುಗಳು ಯಕೃತ್ತನ್ನು ಕೊರೆಯುತ್ತಿದ್ದರೂ ಸಗಣಿಯಲ್ಲಿ ಏನೂ ಕಾಣದು. ರಕ್ತಪರೀಕ್ಷೆಯ ಪ್ರಯೋಜನವಿರುವುದು ಇಲ್ಲಿಯೇ. ಹುಳುವಿಗೆ ಎದುರಾಗಿ ದನದ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಎಲೈಸಾ ಎಂಬ ಪರೀಕ್ಷೆಯು ಸೋಂಕಿನ 2ರಿಂದ 4 ವಾರಗಳಲ್ಲಿಯೇ ತೋರಿಸಬಲ್ಲದು. ಯಕೃತ್ತಿನ ಕಿಣ್ವಗಳು ಏರಿರುವುದೂ ರಕ್ತ ಕುಂದಿರುವುದೂ ಸಹಾಯಕ ಸೂಚನೆಗಳು; ಅವು ಅನ್ಯ ರೋಗಗಳಲ್ಲಿಯೂ ಉಂಟಾದ್ದರಿಂದ ಅವನ್ನೇ ನಂಬಿ ನಿರ್ಣಯಿಸಲಾಗದು.

ಪ್ರತಿಕಾಯಗಳು ಔಷಧದಿಂದ ಹುಳು ಸತ್ತ ಮೇಲೂ ಕೆಲವು ತಿಂಗಳು ಉಳಿಯುತ್ತವೆ. ಗಿಣ್ಣುಹಾಲಿನ ಮೂಲಕ ಕರುವಿಗೂ ಬರುತ್ತವೆ. ಹಿಂದೆ ಯಾವ ಔಷಧವನ್ನು ಎಂದು ಕೊಟ್ಟಿರೆಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಇದನ್ನು ಹೇಳದೆ ಪರೀಕ್ಷೆಯನ್ನು ದೂಷಿಸುವವರೇ ಹೆಚ್ಚು.

ಕುತ್ತಿಗೆಯ ರಕ್ತನಾಳದಿಂದ ಪಶುವೈದ್ಯರು ತೆಗೆದ ರಕ್ತವನ್ನು ಅಲುಗಿಸದೆ ಹೆಪ್ಪುಗಟ್ಟಲು ಬಿಟ್ಟು, ಮೇಲೆ ತೇಲುವ ತಿಳಿಯನ್ನು ಬೇರ್ಪಡಿಸಿ, ತಂಪಿನಲ್ಲಿಟ್ಟು ಕಳುಹಿಸಬೇಕು. ಕಮಠಾಣದ ಬಳಿಯ ನಂದಿನಗರದಲ್ಲಿರುವ ಪಶುವೈದ್ಯ ಮಹಾವಿದ್ಯಾಲಯದಲ್ಲಿ ಈ ಪರೀಕ್ಷೆ ದೊರೆಯುವುದೇ ಎಂಬುದನ್ನು ಮುಂದಾಗಿ ವಿಚಾರಿಸುವುದು ಲೇಸು. ಒಂದೇ ದನದ ಬದಲು ಅದೇ ಮಂದೆಯ ಹಲವು ದನಗಳ ರಕ್ತವನ್ನು ಕಳುಹಿಸಿದರೆ ಮೇವುಮಾಳದ ಸ್ಥಿತಿಯೂ ತಿಳಿಯುತ್ತದೆ.

ಜಿಂಕೆಗಳಿಗೂ ಈ ಹುಳು ತಗಲುತ್ತದೆ. ದನಗಳಿಗೆಂದು ಸಿದ್ಧಪಡಿಸಿದ ಎಲೈಸಾ ಸಾಮಗ್ರಿಯು ಜಿಂಕೆಯ ರಕ್ತಕ್ಕೆ ಹಾಗೆಯೇ ಒಪ್ಪದಿರಬಹುದು. ಅದನ್ನು ಆ ಜಾತಿಯಲ್ಲಿ ಪರಿಶೀಲಿಸಿದ ಬಳಿಕವೇ ಬಳಸತಕ್ಕದ್ದು. ಹೊಲದಲ್ಲಿ ಅಲೆಯುವ ಕೃಷ್ಣಮೃಗವನ್ನು ರಕ್ತಕ್ಕಾಗಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಸತ್ತ ಮೃಗ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿರಿ.

ಔಷಧದ ಆಯ್ಕೆಯೂ ಹುಳುವಿನ ಪ್ರಾಯವನ್ನು ಅವಲಂಬಿಸಿದೆ. ಆಕ್ಸಿಕ್ಲೋಜನೈಡ್ ಬಲಿತ ಹುಳುಗಳನ್ನು ಕೊಲ್ಲುತ್ತದೆಯೇ ಹೊರತು ಎಳೆಯವನ್ನಲ್ಲ. ಟ್ರೈಕ್ಲಾಬೆಂಡಜೋಲ್ ಎಳೆಯ ಹುಳುಗಳನ್ನೂ ಕೊಲ್ಲುತ್ತದೆ, ಆದರೆ ಹಾಲು ಕರೆಯುವ ಹಸು ಎಮ್ಮೆಗಳಿಗೆ ವೈದ್ಯರನ್ನು ಕೇಳದೆ ಅದನ್ನು ಕುಡಿಸಕೂಡದು.